ಬಸುರಿಯ ಬಿಪಿ ಮನೆಯಲ್ಲಿ ನೋಡುವುದು ಹೇಗೆ?

ಬಸುರಿಯಲ್ಲಿ ಬಿಪಿ ಜಾಸ್ತಿ ಇದ್ದರೆ ಮನೆಯಲ್ಲೂ ನೋಡಿ ಬರೆದಿಡಿ ಎಂದು ಡಾಕ್ಟರು ಹೇಳುತ್ತಾರೆ. ಹೇಗೆ ನೋಡಬೇಕು ಅಂತ ಮಾತ್ರ ಎಷ್ಟೋ ಜನರಿಗೆ ಯಾರೂ ತೋರಿಸಿರುವುದಿಲ್ಲ. ಮೆಟ್ಟಿಲು ಹತ್ತಿ ಬಂದವರು ಕಾಲ ಮೇಲೆ ಕಾಲು ಹಾಕಿ, ಫೋನಿನಲ್ಲಿ ಮಾತಾಡುತ್ತಲೇ ಬಟನ್ ಒತ್ತುತ್ತಾರೆ. ಆ ಅಂಕಿ ನೋಡಿ ಡಾಕ್ಟರು ಮಾತ್ರೆ ಬರೆಯಬೇಕು!

ಮೊದಲು ಯಂತ್ರ. ತೋಳಿಗೆ ಕಟ್ಟುವುದನ್ನೇ ಕೊಳ್ಳಿ. ಮಣಿಕಟ್ಟಿನದ್ದು, ಬೆರಳಿನದ್ದು ಬೇಡವೇ ಬೇಡ, ದುಡ್ಡು ದಂಡ. ಬಸುರಿಯರಲ್ಲಿ ಪರೀಕ್ಷೆಯಾದ ಮಾದರಿಯೇ ಎಂದು ಕೇಳಿ. ಪ್ರಿಎಕ್ಲಾಂಪ್ಸಿಯಾ (ಬಸುರಿ, ಬಾಣಂತಿಯರಲ್ಲಿ ಬಿಪಿ ಏರಿ ಬೇರೆ ಅಂಗಗಳಿಗೂ ತೊಂದರೆ ಕೊಡುವ ಕಾಯಿಲೆ) ಇದ್ದಾಗ ಕೆಲವು ಯಂತ್ರಗಳು ನಿಜಕ್ಕಿಂತ ಕಡಿಮೆ ತೋರಿಸುತ್ತವೆ.

ಎಡವಟ್ಟಾಗುವುದು ಪಟ್ಟಿ ಕಟ್ಟುವಾಗ. ಪಟ್ಟಿ ಚಿಕ್ಕದಾದರೆ ಬಿಪಿ ಇಲ್ಲದಿದ್ದರೂ ಇದೆ ಅನ್ನುತ್ತದೆ. ಹಾಗಾಗಿ ತೋಳಿನ ಸುತ್ತಳತೆ ನೋಡಿಯೇ ಆರಿಸಿ. ಬಟ್ಟೆಯ ಮೇಲೆ ಕಟ್ಟಬೇಡಿ. ಬಿಗಿ ತೋಳನ್ನು ಮೇಲಕ್ಕೆ ಸುರುಳಿ ಸುತ್ತುವುದೂ ಬೇಡ, ರವಿಕೆಯಿಂದ ಕೈ ಹೊರಗೆ ತೆಗೆಯಿರಿ. ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲಿರಲಿ. ಕೈಯನ್ನು ಮೇಜಿನ ಮೇಲೆ, ಎದೆಯ ಮಟ್ಟಕ್ಕೆ ಇಡಿ. ಎತ್ತರ ಸಾಲದಿದ್ದರೆ ಅಡಿಗೆ ದಿಂಬು ಇಡಿ. ಕೈ ಜೋತುಬಿದ್ದರೆ ಅಂಕಿ ಸುಮ್ನೆ ಏರುತ್ತದೆ.

ಅದಕ್ಕೂ ಮುಂಚೆ ಮೂತ್ರಕ್ಕೆ ಹೋಗಿ ಬನ್ನಿ. ಕಾಫಿ ಕುಡಿದಿದ್ದರೆ ಅರ್ಧ ಗಂಟೆ ಬಿಡಿ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ 5 ನಿಮಿಷ ತೆಪ್ಪಗೆ ಕೂತು ನೋಡಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆಯಿರಿ. ಚೆನ್ನಾಗಿರುವುದನ್ನು ಮಾತ್ರ ಬರೆಯುವವರಿದ್ದಾರೆ, ಅದು ಯಾರಿಗೆ ಮೋಸ?

140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅವತ್ತೇ ಡಾಕ್ಟರಿಗೆ ತಿಳಿಸಿ. ಮೇಲಿನದು 160 ಅಥವಾ ಕೆಳಗಿನದು 110 ಮುಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ವಿಪರೀತ ತಲೆನೋವು, ಕಣ್ಣ ಮುಂದೆ ಮಿಂಚು, ಬಲ ಪಕ್ಕೆಲುಬಿನ ಕೆಳಗೆ ನೋವು, ಇದ್ದಕ್ಕಿದ್ದಂತೆ ಮುಖ ಊದುವುದು, ಉಸಿರುಗಟ್ಟುವುದು ಇದ್ದರೆ ಅಂಕಿ ಎಷ್ಟೇ ಇರಲಿ, ಹೊರಡಿ.

ಮಾತ್ರೆಯ ವಿಷಯದಲ್ಲಿ ಸ್ವಂತ ಬುದ್ಧಿ ಬೇಡ. ಮೊದಲಿನಿಂದ ಎನಾಲಪ್ರಿಲ್, ಟೆಲ್ಮಿಸಾರ್ಟನ್ ಥರದ್ದು ನುಂಗುತ್ತಿದ್ದರೆ ಬಸುರಿ ಎಂದು ಗೊತ್ತಾದ ಕೂಡಲೇ ಹೇಳಿ. ಅವು ಮಗುವಿಗೆ ಕೆಡುಕು. ಲ್ಯಾಬೆಟಲಾಲ್, ನಿಫೆಡಿಪಿನ್ ಥರದ್ದಕ್ಕೆ ಬದಲಿಸಿಕೊಡುತ್ತಾರೆ. ಉಪ್ಪು ಪೂರ್ತಿ ಬಿಟ್ಟು ಸಪ್ಪೆ ಉಣ್ಣುವ ವ್ರತದಿಂದ ಪ್ರಿಎಕ್ಲಾಂಪ್ಸಿಯಾ ತಪ್ಪುವುದಿಲ್ಲ.

ಹೆರಿಗೆಯಾಯಿತೆಂದು ಯಂತ್ರ ಅಟ್ಟಕ್ಕೆ ಹಾಕಬೇಡಿ. ಮೊದಲ ವಾರದಲ್ಲಿ ಬಿಪಿ ಮತ್ತೆ ಏರುವುದುಂಟು. ಪ್ರಿಎಕ್ಲಾಂಪ್ಸಿಯಾ 6 ವಾರದೊಳಗೆ ಹೊಸದಾಗಿಯೂ ಬರಬಹುದು.