ಎಂ.ಎಸ್ಸಿ ಭೂವಿಜ್ಞಾನಕ್ಕೆ ಕಲಿಕಾ ಗುರಿ ಬರೆದದ್ದು: ನನ್ನ ಅನುಭವ

ಬಳ್ಳಾರಿಯಲ್ಲಿ ಎಂ.ಎಸ್ಸಿ ಭೂವಿಜ್ಞಾನ ಕಲಿಸುವ ನನಗೆ ಪ್ರತಿ ಪೇಪರಿಗೂ ಕಲಿಕಾ ಗುರಿ ಬರೆಯುವ ಕೆಲಸ ಬಂತು. ಸಿಲಬಸ್ಸಿನ ಕೆಳಗೆ ಸುಮ್ನೆ ನಾಲ್ಕು ಸಾಲು ಸೇರಿಸಿ ಕೊಟ್ಟಿದ್ದರೂ ನಡೆಯುತ್ತಿತ್ತು. ಆದರೆ ನನಗೆ ಒಂದು ಪ್ರಶ್ನೆ ಕಾಡುತ್ತಿತ್ತು. ಎರಡು ವರ್ಷ ಓದಿದ ಹುಡುಗಿ, ಯಾರೂ ಮೊದಲೇ ಹೇಳಿಕೊಡದ ಬಂಡೆಯ ಮುಂದೆ ಒಬ್ಬಳೇ ನಿಂತಾಗ ಏನೇನು ಮಾಡಬಲ್ಲಳು? ಇದಕ್ಕೆ ಉತ್ತರವಾಗುವಂತೆ ಗುರಿ ಬರೆಯತೊಡಗಿದೆ.

ನಮ್ಮ ಕಡೆ ಬಂಡೆಗೇನು ಬರವಿಲ್ಲ. ಊರ ಪಕ್ಕದಲ್ಲೇ ಸಂಗನಕಲ್ಲು ಇದೆ. ಅಲ್ಲಿನ ಗುಡ್ಡದಲ್ಲಿ ಗ್ರಾನೈಟನ್ನು ಸೀಳಿಕೊಂಡು ಕಪ್ಪು ಡಾಲರೈಟ್ ಕಲ್ಲಿನ ಡೈಕ್, ಅಂದರೆ ಬಿರುಕಿನಲ್ಲಿ ಶಿಲಾರಸ ನುಗ್ಗಿ ಗಟ್ಟಿಯಾದ ಕಲ್ಲಿನ ಗೋಡೆ, ಹೋಗಿದೆ. ನವಶಿಲಾಯುಗದ ಜನ ಈ ಕಪ್ಪು ಕಲ್ಲಿನಿಂದಲೇ ಕೊಡಲಿ ಮಾಡುತ್ತಿದ್ದರು. ಅಲ್ಲಿಗೆ ನಾನು ಬರೆದ ಗುರಿ ಇಷ್ಟೇ: ‘ಯಾವ ಕಲ್ಲು ಮೊದಲಿನದು, ಯಾವುದು ಆಮೇಲಿನದು ಎಂದು ಹೇಳಬೇಕು. ಸಾಕ್ಷಿಯನ್ನು ಬೆರಳಿಟ್ಟು ತೋರಿಸಬೇಕು.’

ಡೈಕು ಗ್ರಾನೈಟನ್ನು ಸೀಳಿದೆ, ಅಂದಮೇಲೆ ಅದು ಆಮೇಲೆ ಬಂದದ್ದು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ‘ಇನ್ನೊಂದು ಸಾಕ್ಷಿ ಕೊಡಮ್ಮ’ ಎಂದಾಗ ಲೆನ್ಸ್ ಹೊರಗೆ ಬರುತ್ತದೆ. ಅಂಚು ಚೆನ್ನಾಗಿ ಕಾಣುವ ಜಾಗ ಹುಡುಕಿ, ಬಂಡೆಗೆ ಮುಖ ಹಚ್ಚಿ ನೋಡಬೇಕು. ಅಂಚಿನಲ್ಲಿ ಹರಳು ತೀರಾ ಸಣ್ಣ, ಒಳಗೆ ಹೋದಂತೆ ದಪ್ಪ. ಬಿಸಿ ಶಿಲಾರಸ ತಣ್ಣನೆಯ ಗ್ರಾನೈಟಿಗೆ ತಾಗಿದ ಕಡೆ ಬೇಗ ಗಟ್ಟಿಯಾಯಿತು, ಹರಳು ಬೆಳೆಯಲು ಸಮಯವೇ ಸಿಗಲಿಲ್ಲ. ಇದನ್ನು ತಾನೇ ಕಂಡುಕೊಂಡ ವಿದ್ಯಾರ್ಥಿಗೆ ಆ ಪಾಠ ಮತ್ತೆ ಹೇಳಬೇಕಾಗಿಲ್ಲ.

ಸಂಡೂರಿನ ಗುರಿ ಬೇರೆ. ಅಲ್ಲಿ ಕಬ್ಬಿಣದ ಪಟ್ಟಿ ಪಟ್ಟಿ ಶಿಲೆ ಕಂಡ ಕೂಡಲೇ ಹುಡುಗರು ‘ಸಮುದ್ರದ ತಳದಲ್ಲಿ ಕೂತದ್ದು ಸರ್’ ಅಂದುಬಿಡುತ್ತಾರೆ. ಮಾತು ಸರಿ, ಆದರೆ ಅದು ತೀರ್ಮಾನ. ಅದಕ್ಕೇ ಫೀಲ್ಡ್ ಪುಸ್ತಕದ ಎಡ ಪುಟದಲ್ಲಿ ಕಂಡದ್ದು, ಬಲ ಪುಟದಲ್ಲಿ ಅಂದುಕೊಂಡದ್ದು ಎಂದು ನಿಯಮ ಮಾಡಿದೆ. ಪಟ್ಟಿಯ ದಪ್ಪ, ಸ್ಟ್ರೈಕ್ (ಪದರ ಚಾಚಿದ ದಿಕ್ಕು), ಡಿಪ್ (ಪದರ ಬಾಗಿದ ಕೋನ), ಒರೆಗೆರೆಯ (ಖನಿಜವನ್ನು ಬಿಳಿ ಬಿಲ್ಲೆಗೆ ಉಜ್ಜಿದಾಗ ಬೀಳುವ ಗೆರೆಯ) ಬಣ್ಣ ಎಲ್ಲ ಎಡಕ್ಕೆ. ಕೆಂಪು ಗೆರೆ ಬಿದ್ದರೆ ಹೆಮಟೈಟ್, ಕಪ್ಪು ಗೆರೆ ಬಿದ್ದು ಅಯಸ್ಕಾಂತಕ್ಕೂ ಅಂಟಿದರೆ ಮ್ಯಾಗ್ನಟೈಟ್ ಎಂಬ ಮಾತು ಬಲಕ್ಕೆ. ವಯಸ್ಸಿನ ವಿಷಯದಲ್ಲೂ ಇದೇ ಶಿಸ್ತು. ಸಂಡೂರಿನ ಈ ಶಿಲೆಗಳಿಗೆ ಸುಮಾರು 270 ಕೋಟಿ ವರ್ಷ ಎಂದರೆ ಸಾಲದು. ಯಾವ ಕಲ್ಲಿನ ಯಾವ ಖನಿಜದಿಂದ ಆ ಲೆಕ್ಕ ಸಿಕ್ಕಿತು, ಆಚೀಚೆ ಎಷ್ಟು ವ್ಯತ್ಯಾಸ ಇರಬಹುದು ಎಂಬುದನ್ನೂ ಹೇಳಬೇಕು.

ಸಾಫ್ಟ್‌ವೇರ್, ನಕ್ಷೆ, ಅಂಕಿಅಂಶದ ಗುರಿಗಳೂ ಇವೆ. ಅವು ಬೇಕೇ ಬೇಕು, ಆದರೆ ಬರೆಯುವುದು ಸುಲಭ.

ನನಗೆ ತುಂಬಾ ಮುಖ್ಯವಾದ ಗುರಿ ಇನ್ನೊಂದಿದೆ: ಓದಿದ್ದನ್ನು ಹಳ್ಳಿಯಲ್ಲಿ ಕನ್ನಡದಲ್ಲಿ ಹೇಳಲು ಬರಬೇಕು. ಕೊಪ್ಪಳ, ರಾಯಚೂರು ಕಡೆ ಎಷ್ಟೋ ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕೊಪ್ಪಳದ ಹೊಲವೊಂದರಲ್ಲಿ ರೈತರೊಬ್ಬರು ನನ್ನ ವಿದ್ಯಾರ್ಥಿನಿಯನ್ನು ಕೇಳಿದರು, ‘ಏನವಾ, ಈ ನೀರು ಕಾಸಿ ಕುಡದ್ರ ನಡೀತೈತೇನು?’ ಅವಳು ಹೇಳಿದಳು: ‘ಇಲ್ಲ ಯಜಮಾನರೇ. ಕಾಸಿದರೆ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ.’ ಅದು ಗ್ರಾನೈಟಿನೊಳಗಿನ ಖನಿಜಗಳಿಂದ ನಿಧಾನವಾಗಿ ನೀರಿಗೆ ಇಳಿಯುತ್ತದೆ ಎಂದಳು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದ ಕಡೆ 1.5ರ ತನಕ ನಡೆಯುತ್ತದೆ ಎಂದೂ ಬಿಡಿಸಿ ಹೇಳಿದಳು. ನೀರನ್ನು ಪರೀಕ್ಷೆ ಮಾಡಿಸುವ ಮೊದಲೇ ‘ಕುಡಿಯಬಹುದು’ ಅಂತಾಗಲಿ, ‘ಕುಡಿಯಬಾರದು’ ಅಂತಾಗಲಿ ಹೇಳಲಿಲ್ಲ. ನಾನು ಅಂಕ ಕೊಡುವುದು ಇಂಥದ್ದಕ್ಕೆ.

ಈ ಗುರಿಗಳನ್ನು ಮೂರು ಗಂಟೆಯ ಲಿಖಿತ ಪರೀಕ್ಷೆಯಲ್ಲಿ ಅಳೆಯಲು ಆಗುವುದಿಲ್ಲ ಅಲ್ವಾ? ಹಾಗಾಗಿ ಫೀಲ್ಡ್ ಪುಸ್ತಕಕ್ಕೂ ಬಂಡೆಯ ಮುಂದೆ ನಡೆಸುವ ಮೌಖಿಕಕ್ಕೂ ಅಂಕ ಇಟ್ಟಿದ್ದೇನೆ. ಗುರಿಗಳ ಹಾಳೆಯನ್ನು ಸೆಮಿಸ್ಟರ್ ಶುರುವಿನಲ್ಲೇ ಕೈಗೆ ಕೊಡುತ್ತೇನೆ. ಒಂದೊಂದು ಗುರಿಯ ಎದುರಿಗೂ ತಮ್ಮ ಪುಸ್ತಕದ ಪುಟಸಂಖ್ಯೆ ಬರೆದುಕೊಂಡು ಬರಬೇಕು. ಪುಟ ಸಿಗದ ಗುರಿಯನ್ನು ಮುಂದಿನ ಫೀಲ್ಡಿನಲ್ಲಿ ಮೊದಲು ಹಿಡಿಯುತ್ತೇವೆ.