ಕಂಪ್ಯೂಟರ್ ಗಡಿಯಾರ ಪದೇಪದೇ ಹಿಂದಕ್ಕೆ ಹೋಗುತ್ತಿದ್ದರೆ

ಬ್ಯಾಂಕಿನ ಸೈಟ್ ತೆರೆಯುತ್ತಿಲ್ಲ, ಪ್ರತಿ ಪುಟದಲ್ಲೂ ಭದ್ರತೆಯ ಎಚ್ಚರಿಕೆ ಬರುತ್ತಿದೆ ಎಂದಾದರೆ ಮೊದಲು ತೆರೆಯ ಮೂಲೆಯಲ್ಲಿರುವ ತಾರೀಕು ನೋಡಿ. ಅದು ಹಳೆಯ ಯಾವುದೋ ವರ್ಷದ ಜನವರಿ 1 ಆಗಿದ್ದರೆ ತೊಂದರೆ ಇಂಟರ್ನೆಟ್‌ನದ್ದಲ್ಲ, ಗಡಿಯಾರದ್ದು. ತಾರೀಕು ತಪ್ಪಿದ್ದರೆ ಸೈಟ್ ಅಸಲಿ ಎಂದು ತೋರಿಸುವ ಸರ್ಟಿಫಿಕೇಟ್‌ಗಳನ್ನು ಬ್ರೌಸರ್ ನಂಬುವುದಿಲ್ಲ.

ಡೆಸ್ಕ್‌ಟಾಪ್‌ನ ಮದರ್‌ಬೋರ್ಡಿನಲ್ಲಿ, ಅಂದರೆ ಒಳಗಿನ ಮುಖ್ಯ ಬೋರ್ಡಿನಲ್ಲಿ, ಗಡಿಯಾರ ನಡೆಸಲು ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಹೊಸದನ್ನು ತರಲು ಅಂಗಡಿಗೆ ಹೊರಡುವ ಮುನ್ನ ಗಡಿಯಾರ ಎಷ್ಟು ತಪ್ಪುತ್ತದೆ, ಯಾವಾಗ ತಪ್ಪುತ್ತದೆ ಎಂದು ಗಮನಿಸಿ. ಕಾರಣ ಅದರಲ್ಲೇ ಸಿಗುತ್ತದೆ.

ನಿಮಿಷ ಸರಿಯಿದ್ದು ಗಂಟೆ ಮಾತ್ರ ತಪ್ಪಿದ್ದರೆ ಟೈಮ್ ಝೋನ್ ನೋಡಿ. ಚೆನ್ನೈ, ಕೋಲ್ಕತ್ತಾ, ಮುಂಬೈ, ನವದೆಹಲಿ ಎಂದಿರುವ +05:30 ನಮ್ಮದು. ಒಂದೇ ಯಂತ್ರದಲ್ಲಿ ಲಿನಕ್ಸ್ ಕೂಡ ಇದ್ದು, ಅದರಿಂದ ವಿಂಡೋಸ್‌ಗೆ ಬಂದಾಗಲೆಲ್ಲ ಸಮಯ ಸರಿಯಾಗಿ ಐದೂವರೆ ಗಂಟೆ ಹಿಂದಿರುತ್ತದೆಯೇ? ಮದರ್‌ಬೋರ್ಡಿನ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯ ಇಡುತ್ತದೆ, ಲಿನಕ್ಸ್ ಯುಟಿಸಿ (ಜಾಗತಿಕ ಮಾನಕ ಸಮಯ) ಇಡುತ್ತದೆ. ಲಿನಕ್ಸ್‌ಗೆ ಸ್ಥಳೀಯ ಸಮಯ ಬಳಸುವಂತೆ ಹೇಳಿದರೆ ಜಗಳ ತೀರಿತು. ಎಷ್ಟು ಬ್ಯಾಟರಿ ಬದಲಿಸಿದರೂ ಇದು ಸರಿಹೋಗುವುದಿಲ್ಲ.

ಕಂಪ್ಯೂಟರ್ ಶಟ್‌ಡೌನ್ ಮಾಡಿದರೂ ಗೋಡೆಯ ಸ್ವಿಚ್ ಆನ್ ಇದ್ದಷ್ಟು ದಿನ ಸಮಯ ಸರಿಯಿದ್ದು, ಸ್ವಿಚ್ ಆರಿಸಿದಾಗ ಅಥವಾ ರಾತ್ರಿ ಕರೆಂಟ್ ಹೋದಾಗ ಮಾತ್ರ ತಪ್ಪುತ್ತಿದ್ದರೆ ಬ್ಯಾಟರಿ ಮುಗಿದಿದೆ. ಸ್ವಿಚ್ ಆನ್ ಇರುವಾಗ ಎಸ್‌ಎಂಪಿಎಸ್‌ನ (ಕ್ಯಾಬಿನೆಟ್ ಒಳಗಿನ ಪವರ್ ಸಪ್ಲೈ) ಸ್ಟ್ಯಾಂಡ್‌ಬೈ 5 ವೋಲ್ಟ್ ಗಡಿಯಾರವನ್ನು ನಡೆಸುತ್ತದೆ, ಇಲ್ಲದಾಗ ಬ್ಯಾಟರಿಯೇ ನಡೆಸಬೇಕು. ಆನ್ ಮಾಡುವಾಗ ಸಿಮಾಸ್ (ಸಮಯ, ಸೆಟ್ಟಿಂಗ್‌ಗಳನ್ನು ಉಳಿಸಿಡುವ ಭಾಗ) ದೋಷ, ಎಫ್1 ಒತ್ತಿ ಎಂಬ ಸಂದೇಶ ಬಂದರೂ ಇದೇ ಅರ್ಥ.

ಬೇಕಾದದ್ದು ಸಿಆರ್2032, 3 ವೋಲ್ಟ್‌ನ ನಾಣ್ಯದಂಥ ಬ್ಯಾಟರಿ: ಅಗಲ 20 ಮಿ.ಮೀ., ದಪ್ಪ 3.2 ಮಿ.ಮೀ. ಸಿಆರ್2025 ನೋಡಲು ಹಾಗೇ ಇದ್ದರೂ ದಪ್ಪ 2.5 ಮಿ.ಮೀ. ಮಾತ್ರ, ಸಾಕೆಟ್‌ನಲ್ಲಿ ಸಡಿಲವಾಗಿ ಸಂಪರ್ಕ ತಪ್ಪುತ್ತದೆ. ರೀಚಾರ್ಜ್ ಆಗುವ ಎಲ್‌ಐಆರ್2032 ಹಾಕಬೇಡಿ, ಅದರ ವೋಲ್ಟೇಜ್ ಹೆಚ್ಚು. ಮಲ್ಟಿಮೀಟರ್ ಇದ್ದರೆ 20 ವೋಲ್ಟ್ ಡಿಸಿಗೆ ತಿರುಗಿಸಿ ಅಳೆಯಿರಿ. ಹೊಸದು 3ರ ಮೇಲೆ ತೋರಿಸಬೇಕು, 2.7ಕ್ಕಿಂತ ಕೆಳಗಿದ್ದರೆ ಬದಲಿಸಿ.

ಬ್ಯಾಟರಿ ತೆಗೆಯುವ ಮುಂಚಿನ ಕೆಲಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ (ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ ಪುಟಗಳು) ಹೋಗಿ ಬೂಟ್ ಕ್ರಮ, ಸಾಟಾ ಮೋಡ್ (ಡಿಸ್ಕ್ ಜೊತೆ ಮಾತಾಡುವ ವಿಧಾನ), ಸೆಕ್ಯೂರ್ ಬೂಟ್ ಇರುವ ಪುಟಗಳ ಫೋಟೋ ತೆಗೆದುಕೊಳ್ಳಿ. ಬ್ಯಾಟರಿ ತೆಗೆದರೆ ಇವು ಮೊದಲಿನ ಸ್ಥಿತಿಗೆ ಮರಳಬಹುದು. ಸಾಟಾ ಮೋಡ್ ಬದಲಾಯಿತೆಂದರೆ ವಿಂಡೋಸ್ ಏಳುವುದೇ ಇಲ್ಲ, ಡಿಸ್ಕ್ ಕೆಟ್ಟಿತೆಂದು ಸುಮ್ಮನೆ ಗಾಬರಿಯಾಗುತ್ತದೆ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ ರಿಕವರಿ ಕೀಯನ್ನು ಬೇರೆ ಕಡೆ ಬರೆದಿಟ್ಟುಕೊಳ್ಳದೆ ಮುಂದುವರಿಯಲೇಬೇಡಿ.

ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ಪವರ್ ಕೇಬಲ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿಯಿರಿ. ಉಳಿದ ಚಾರ್ಜ್ ಖಾಲಿಯಾಗುತ್ತದೆ. ಹಿಂಬದಿಯ ಎರಡು ಸ್ಕ್ರೂ ಬಿಚ್ಚಿ ಪಕ್ಕದ ಬಾಗಿಲು ಸರಿಸಿ, ಕ್ಯಾಬಿನೆಟ್‌ನ ಬರಿಲೋಹ ಮುಟ್ಟಿ. ಸಾಕೆಟ್‌ನ ಅಂಚಿನಲ್ಲಿರುವ ಪುಟ್ಟ ಕ್ಲಿಪ್ಪನ್ನು ಹೊರಕ್ಕೆ ಒತ್ತಿದರೆ ಬ್ಯಾಟರಿ ತಾನಾಗಿ ಮೇಲೇಳುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಸಾಕೆಟ್ ಮುರಿದರೆ ಬೆಸುಗೆ ಹಾಕಿಸಬೇಕಾಗುತ್ತದೆ. ಒಳಗಿನ ಸಂಪರ್ಕಗಳಲ್ಲಿ ಹಸಿರು ಅಥವಾ ಬಿಳಿ ಕಿಲುಬು ಕಂಡರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ, ಒಣಗಲು ಬಿಡಿ. ಹೊಸದರ + ಗುರುತು ಮತ್ತು ಅಕ್ಷರಗಳಿರುವ ಮುಖ ಮೇಲಿರಲಿ. ಕ್ಲಿಪ್ ಇಲ್ಲದ ಕಡೆಯನ್ನು ಮೊದಲು ತೂರಿಸಿ, ಇನ್ನೊಂದು ಕಡೆ ಟಕ್ ಎನ್ನುವವರೆಗೆ ಒತ್ತಿ. ಸಾಕೆಟ್ ನಿಂತಂತಿದ್ದರೆ ಹಳೆಯ ಬ್ಯಾಟರಿಯ + ಯಾವ ಕಡೆಗಿತ್ತೋ ಹಾಗೇ ಹಾಕಿ.

ತೆಗೆದ ಬ್ಯಾಟರಿಗೆ ಎರಡೂ ಬದಿ ಸೆಲ್ಲೋಟೇಪ್ ಸುತ್ತಿ ಇ-ತ್ಯಾಜ್ಯಕ್ಕೆ ಕೊಡಿ. ಮಕ್ಕಳು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡುವಷ್ಟು ಅಪಾಯ. ಅಂಥ ಸಂದರ್ಭದಲ್ಲಿ ಕಾಯದೆ ನೇರ ಆಸ್ಪತ್ರೆಗೆ ಹೋಗಿ.

ಆನ್ ಮಾಡಿ ಬಯೋಸ್‌ನಲ್ಲಿ ತಾರೀಕು, ಸಮಯ ತುಂಬಿ, ಫೋಟೋ ನೋಡಿ ಉಳಿದವನ್ನು ಸರಿಮಾಡಿ, ಎಫ್10 ಒತ್ತಿ ಉಳಿಸಿ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಟೈಮ್ ಅಂಡ್ ಲಾಂಗ್ವೇಜ್, ಡೇಟ್ ಅಂಡ್ ಟೈಮ್‌ಗೆ ಹೋಗಿ ಸಿಂಕ್ ನೌ ಒತ್ತಿ. ವ್ಯತ್ಯಾಸ 15 ಗಂಟೆ ಮೀರಿದ್ದರೆ ವಿಂಡೋಸ್ ಸಾಮಾನ್ಯವಾಗಿ ತಾನಾಗಿ ತಿದ್ದುವುದಿಲ್ಲ, ಆದ್ದರಿಂದ ತಾರೀಕನ್ನು ಮೊದಲು ಕೈಯಾರೆ ಹಾಕಿರಬೇಕು.

ಒಂದು ರಾತ್ರಿ ಗೋಡೆಯ ಸ್ವಿಚ್ ಆರಿಸಿಟ್ಟು ಬೆಳಿಗ್ಗೆ ಬಯೋಸ್‌ನಲ್ಲೇ ಸಮಯ ನೋಡಿ. ವಿಂಡೋಸ್‌ನಲ್ಲಿ ನೋಡಿದರೆ ಇಂಟರ್ನೆಟ್ ತಿದ್ದಿದ ಸಮಯ ಕಂಡು ಮೋಸಹೋಗಬಹುದು. ಹೊಸ ಬ್ಯಾಟರಿಯೂ ಕೆಲವೇ ವಾರಗಳಲ್ಲಿ ಖಾಲಿಯಾದರೆ ಸಿಮಾಸ್ ಅಳಿಸುವ ಜಂಪರ್ (ಎರಡು ಪಿನ್ ಜೋಡಿಸುವ ಪುಟ್ಟ ಟೋಪಿ) ತಪ್ಪು ಪಿನ್‌ಗಳ ಮೇಲೆ ಉಳಿದಿದೆಯೇ ನೋಡಿ. ಅದೂ ಸರಿಯಿದ್ದರೆ ಮದರ್‌ಬೋರ್ಡಿನಲ್ಲಿ ಎಲ್ಲೋ ಕರೆಂಟ್ ಸೋರುತ್ತಿದೆ, ರಿಪೇರಿಯವರಿಗೆ ತೋರಿಸಿ.

ಲ್ಯಾಪ್‌ಟಾಪ್‌ಗಳ ಕಥೆ ಬೇರೆ. ಹಲವು ಮಾದರಿಗಳಲ್ಲಿ ಪ್ಲಾಸ್ಟಿಕ್ ಸುತ್ತಿದ, ಎರಡು ವೈರಿನ ಬ್ಯಾಟರಿ ಇರುತ್ತದೆ. ಹೊಸ ಕೆಲವದರಲ್ಲಿ ಅದೂ ಇಲ್ಲ, ಮುಖ್ಯ ಬ್ಯಾಟರಿಯೇ ಗಡಿಯಾರವನ್ನೂ ನಡೆಸುತ್ತದೆ. ವೈರಿನದ್ದಾದರೆ ಹಳೆಯದನ್ನು ಅಂಗಡಿಗೆ ಒಯ್ದು ಕನೆಕ್ಟರ್ ಜೊತೆ ಕೆಂಪು-ಕಪ್ಪು ವೈರುಗಳ ಜಾಗವನ್ನೂ ಹೋಲಿಸಿಯೇ ಕೊಳ್ಳಿ.