ಬೇಸಿಗೆಯಲ್ಲಿ ಕರೆಂಟ್ ಹೋದಾಗ ಅಕ್ವೇರಿಯಂ ಮೀನುಗಳನ್ನ ಉಳಿಸ್ಕೊಳ್ಳೋದು ಹೇಗೆ

ಕರೆಂಟ್ ಹೋದ ತಕ್ಷಣ ಬೇರೆಯವರಿಗೆ ಫ್ಯಾನ್ ನಿಂತಿದ್ದು ಗೊತ್ತಾಗುತ್ತೆ, ಮೀನು ಸಾಕಿರೋರ ಕಿವಿಗೆ ಮಾತ್ರ ಏರ್ ಪಂಪಿನ ಗುಂಯ್ ಅನ್ನೋ ಸದ್ದು ನಿಂತಿದ್ದು ಮೊದಲು ಗೊತ್ತಾಗೋದು. ಚಳಿಗಾಲದಲ್ಲಾದ್ರೆ ಒಂದೆರಡು ಗಂಟೆ ಹೋದ್ರೂ ಅಷ್ಟು ತಲೆ ಕೆಡಿಸ್ಕೊಳ್ಳೋದು ಬೇಡ, ಆದ್ರೆ ಬೇಸಿಗೇಲಿ ಅದೇ ಎರಡು ಗಂಟೆ ತುಂಬಾ ದುಬಾರಿ ಆಗ್ಬೋದು. ಊಟ ಇಲ್ದಿದ್ರೂ ಆರೋಗ್ಯವಾಗಿರೋ ದೊಡ್ಡ ಮೀನು ನಾಲ್ಕೈದು ದಿನ ಆರಾಮಾಗಿರುತ್ತೆ, ನೀರು ಸ್ವಲ್ಪ ಗಲೀಜಾದ್ರೂ ಒಂದು ದಿನ ತಡ್ಕೊಳ್ಳುತ್ತೆ, ಉಸಿರಾಟಕ್ಕೆ ಆಕ್ಸಿಜನ್ ಇಲ್ದಿದ್ರೆ ಮಾತ್ರ ಗಂಟೆಗಳ ಲೆಕ್ಕ. ಹಾಗಾಗಿ ನಾನು ಇಲ್ಲಿ ಹೇಳೋದೆಲ್ಲ ಸುತ್ತಿ ಬಳಸಿ ಒಂದೇ ಕಡೆ ಬರುತ್ತೆ, ನೀರಿನ ಮೇಲ್ಮೈ ಅಲ್ಲಾಡ್ತಾ ಇರ್ಬೇಕು.

ಯಾಕೆ ಅಂದ್ರೆ ನೀರು ಬಿಸಿಯಾದಷ್ಟೂ ಅದ್ರಲ್ಲಿ ಕರಗೋ ಆಕ್ಸಿಜನ್ ಕಮ್ಮಿ ಆಗುತ್ತೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಸಿಹಿನೀರು ಹೆಚ್ಚೆಂದ್ರೆ 9 ಮಿಲಿಗ್ರಾಂ ಆಕ್ಸಿಜನ್ ಹಿಡ್ಕೊಳ್ಳುತ್ತೆ, 30 ಡಿಗ್ರಿಗೆ ಬಂದಾಗ ಏಳೂವರೆ, 35 ಆದ್ರೆ ಬರೀ 7. ಇದು ನೀರು ಚೆನ್ನಾಗಿ ಅಲ್ಲಾಡ್ತಿರೋವಾಗಿನ ಲೆಕ್ಕ. ಇನ್ನೊಂದು ಕಡೆ ಮೀನಿನ ಮೈಬಿಸಿ ಸುತ್ತಲಿನ ನೀರಿನ ಬಿಸಿಯಷ್ಟೇ ಇರುತ್ತಲ್ಲ, ನೀರು ಕಾದಷ್ಟೂ ಅದಕ್ಕೆ ಬೇಕಾಗೋ ಆಕ್ಸಿಜನ್ ಜಾಸ್ತಿ ಆಗುತ್ತೆ. ಸಿಗೋದು ಕಮ್ಮಿ, ಬೇಕಾಗಿರೋದು ಜಾಸ್ತಿ. ತಳದಲ್ಲಿ ಉಳಿದ ಊಟ, ಹಿಕ್ಕೆ ಕೊಳೆಸೋ ಬ್ಯಾಕ್ಟೀರಿಯಾನೂ ಅದೇ ಆಕ್ಸಿಜನ್ ತಿನ್ನುತ್ತೆ, ಕತ್ತಲಾದ್ಮೇಲೆ ಗಿಡಗಳೂ ಅಷ್ಟೇ, ಹಗಲು ಕೊಟ್ಟಿದ್ದನ್ನ ರಾತ್ರಿ ವಾಪಸ್ ತಗೊಳ್ಳುತ್ವೆ. ಅದಕ್ಕೇ ಗಿಡ ತುಂಬಿರೋ ಟ್ಯಾಂಕಲ್ಲಿ ಬೆಳಗಿನ ಜಾವ ಎಲ್ಲಕ್ಕಿಂತ ಕೆಟ್ಟ ಹೊತ್ತು.

ನಿಂತ ನೀರಲ್ಲಿ ಆಕ್ಸಿಜನ್ ತಾನಾಗೇ ಕೆಳಗಿಳಿಯೋದು ತುಂಬಾ ತುಂಬಾ ನಿಧಾನ, ಗಾಳೀಲಿ ಹರಡೋದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಮೇಲಿನ ತೆಳು ಪದರದಲ್ಲಿ ಆಕ್ಸಿಜನ್ ಇದ್ರೂ ಒಂದು ಗೇಣು ಕೆಳಗೆ ಖಾಲಿ ಆಗಿರುತ್ತೆ. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡೋದು ಆ ತೆಳು ಪದರಕ್ಕೋಸ್ಕರ, ಹಸಿವು ಅಂದ್ಕೊಂಡು ಆ ಹೊತ್ತಲ್ಲಿ ದಯವಿಟ್ಟು ಊಟ ಹಾಕ್ಬೇಡಿ. ಬಬಲ್ಸ್ ವಿಷಯದಲ್ಲೂ ಒಂದು ತಪ್ಪು ತಿಳುವಳಿಕೆ ಇದೆ, ಗುಳ್ಳೆ ಮೇಲೇರೋವಾಗ ಅದ್ರೊಳಗಿಂದ ನೀರಿಗೆ ಸೇರೋ ಆಕ್ಸಿಜನ್ ಸ್ವಲ್ಪಾನೇ, ನಿಜವಾದ ಕೆಲಸ ಆಗೋದು ಗುಳ್ಳೆಗಳು ಕೆಳಗಿನ ನೀರನ್ನ ಮೇಲಕ್ಕೆ ಎಳ್ಕೊಂಡು ಬಂದು ಮೇಲ್ಮೈನ ಕದಡೋದ್ರಿಂದ. ಇದು ಗೊತ್ತಿದ್ರೆ ಪಂಪ್ ಇಲ್ದಿದ್ರೂ ಕೈಯಲ್ಲೇ ಏನು ಮಾಡ್ಬೋದು ಅಂತ ಹೊಳೆಯುತ್ತೆ.

ಹಾಗಾದ್ರೆ ಕರೆಂಟ್ ಹೋದ ಕೂಡ್ಲೇ ಮಾಡ್ಬೇಕಾಗಿರೋದು ಏನಂದ್ರೆ, ಮೊದಲು ಟೈಮ್ ನೋಡ್ಕೊಳ್ಳಿ, ಎಷ್ಟು ಹೊತ್ತಿಂದ ಇಲ್ಲ ಅನ್ನೋದು ಆಮೇಲೆ ಫಿಲ್ಟರ್ ವಿಷಯಕ್ಕೆ ತುಂಬಾ ಬೇಕಾಗುತ್ತೆ. ಟ್ಯಾಂಕಿನ ಮುಚ್ಚಳ ತೆಗೀರಿ, ಹಾರೋ ಮೀನಿದ್ರೆ ಮೇಲೊಂದು ಬಲೆ ಬಟ್ಟೆ ಹಾಕಿ. ಊಟ ನಿಲ್ಲಿಸಿ. ಹೀಟರ್ ಪ್ಲಗ್ ತೆಗೀರಿ, ಬೇಸಿಗೇಲಿ ಅದು ಬೇಕಾಗೇ ಇಲ್ಲ, ನೀರು ಆವಿಯಾಗಿ ಮಟ್ಟ ಇಳಿದಿರೋವಾಗ ಕರೆಂಟ್ ಬಂದು ಹೀಟರ್ ಗಾಳೀಲಿ ಕಾದ್ರೆ ಅದ್ರ ಗ್ಲಾಸ್ ಒಡೆಯುತ್ತೆ. ಗಿಡಗಳಿಗೆ ಸಿಲಿಂಡರಿಂದ ಕಾರ್ಬನ್ ಡೈಆಕ್ಸೈಡ್ ಬಿಡ್ತಿದ್ರೆ, ಕರೆಂಟ್ ಹೋದಾಗ ತಾನೇ ಮುಚ್ಚಿಕೊಳ್ಳೋ ಸೊಲೆನಾಯ್ಡ್ ವಾಲ್ವ್ ಇಲ್ದಿದ್ರೆ ಕೈಯಲ್ಲೇ ಬಂದ್ ಮಾಡಿ.

ಆಮೇಲೆ ಮಗ್. ಟ್ಯಾಂಕಿನದೇ ನೀರನ್ನ ಮಗ್‌ನಲ್ಲಿ ತುಂಬ್ಕೊಂಡು ಒಂದಡಿ ಮೇಲಿಂದ ಸುರೀರಿ, ಮತ್ತೆ ತುಂಬಿ ಮತ್ತೆ ಸುರೀರಿ. ಮಗ್‌ನ ಆದಷ್ಟು ಕೆಳಗೆ ಇಳಿಸಿ ತುಂಬ್ಕೊಂಡ್ರೆ ತಳದ ನೀರು ಮೇಲೆ ಬರುತ್ತೆ, ಅದೇ ಬೇಕಾಗಿರೋದು. ಮರಳು ಕೆದಕೋದು ಬೇಡ. ಐದು ನಿಮಿಷ ಬಿಡದೆ ಮಾಡಿ, ಹದಿನೈದಿಪ್ಪತ್ತು ನಿಮಿಷ ಬಿಟ್ಟು ಮತ್ತೆ ಐದು ನಿಮಿಷ. ಒಂದು ಬೇಸಿಗೆ ರಾತ್ರಿ ನನ್ನ ಎರಡು ದೊಡ್ಡ ಗೋಲ್ಡ್ ಫಿಶ್ ಮೂಲೇಲಿ ಗ್ಲಾಸಿಗೆ ಒರಗಿದ ಹಾಗೆ ನಿಂತು, ಮೂತಿ ಮಾತ್ರ ನೀರಿಂದ ಹೊರಗೆ ಹಾಕಿ ಪಚ್ ಪಚ್ ಅಂತ ಸದ್ದು ಮಾಡ್ತಿದ್ವು, ಕಿವಿರು ಎಷ್ಟು ಜೋರಾಗಿ ಬಡ್ಕೊಳ್ತಿತ್ತು ಅಂದ್ರೆ ಒಳಗಿನ ಕೆಂಪು ಕಾಣಿಸ್ತಿತ್ತು. ಮೊಬೈಲ್ ಟಾರ್ಚ್ ಪಕ್ಕಕ್ಕಿಟ್ಕೊಂಡು ಮಗ್ ಹಿಡ್ಕೊಂಡು ಕೂತೆ, ಮೂರನೇ ಸಲ ಐದು ನಿಮಿಷ ಸುರಿದ ಮೇಲೆ ಚಿಕ್ಕದು ಮೊದಲು ಕೆಳಗೆ ಹೋಯ್ತು, ಆಮೇಲೆ ದೊಡ್ಡದು. ಆ ಕೆಳಗೆ ಹೋಗೋದನ್ನ ನೋಡಿದಾಗ ಆದ ಸಮಾಧಾನ ಇವತ್ತಿಗೂ ಮರೆಯೋಕಾಗಲ್ಲ. ಬೆಳಗಿನ ಜಾವದವರೆಗೂ ಅಲಾರಾಂ ಇಟ್ಕೊಂಡು ಎದ್ದು ಎದ್ದು ಮಾಡಿದೆ, ಎರಡೂ ಉಳ್ಕೊಂಡ್ವು.

ಎಲ್ಲಾ ಮೀನಿಗೂ ಒಂದೇ ಥರ ಕಷ್ಟ ಆಗಲ್ಲ. ಫೈಟರ್, ಗೌರಾಮಿ ಇವಕ್ಕೆ ನೇರವಾಗಿ ಗಾಳಿ ಎಳ್ಕೊಳ್ಳೋ ಅಂಗ ಇದೆ, ಆಗಾಗ ಮೇಲೆ ಬಂದು ಒಂದು ಗುಟುಕು ತಗೊಂಡು ಹೋಗುತ್ವೆ, ಅದು ಮಾಮೂಲು. ಕೊರಿಡೋರಾಸ್ ಕೂಡ ಗಾಳಿ ನುಂಗಿ ಕರುಳಲ್ಲಿ ಆಕ್ಸಿಜನ್ ಹೀರ್ಕೊಳ್ಳುತ್ತೆ, ಆದ್ರೆ ಅವು ಪದೇ ಪದೇ ಮೇಲೆ ಓಡ್ತಿದ್ರೆ ಕೆಳಗೆ ಆಕ್ಸಿಜನ್ ಮುಗೀತಿದೆ ಅಂತಲೇ ಅರ್ಥ. ಗೋಲ್ಡ್ ಫಿಶ್ ತಣ್ಣನೆ ನೀರಿನ ಮೀನು, ಗಲೀಜೂ ಜಾಸ್ತಿ ಮಾಡುತ್ತೆ, ಆಕ್ಸಿಜನ್ನೂ ಜಾಸ್ತಿ ಬೇಕು, ಬೇಸಿಗೇಲಿ ಮೊದಲು ಒದ್ದಾಡೋದು ಅದೇ. ಒಂದೇ ಜಾತಿಯಲ್ಲೂ ಸಾಮಾನ್ಯವಾಗಿ ದೊಡ್ಡವಕ್ಕೇ ಮೊದಲು ತೊಂದ್ರೆ ಆಗೋದು. ಸಿಗಡಿಗಳೂ ಬಸವನಹುಳುಗಳೂ ಗುಂಪಾಗಿ ಗ್ಲಾಸ್ ಹತ್ತಿ ನೀರಿನ ಅಂಚಿಗೆ ಬಂದ್ರೆ ಅದೂ ಒಂದು ಎಚ್ಚರಿಕೆ.

ಮಗ್ ಒಂದು ರಾತ್ರಿಗೆ ಸರಿ, ಬೇಸಿಗೆ ಪೂರ್ತಿ ಕೈಯಲ್ಲಿ ಆಗಲ್ಲ, ಅದಕ್ಕೆ ಬ್ಯಾಟರಿ ಏರ್ ಪಂಪ್ ಒಂದನ್ನ ಮನೇಲಿ ಇಟ್ಕೊಳ್ಳಲೇಬೇಕು. ಸೆಲ್ ಹಾಕೋದು ಸಿಗುತ್ತೆ, ಯುಎಸ್‌ಬಿಯದೂ ಸಿಗುತ್ತೆ, ಪ್ಲಗ್ಗಲ್ಲೇ ಇದ್ದು ಕರೆಂಟ್ ಹೋದ ತಕ್ಷಣ ತಾನೇ ಶುರುವಾಗೋದೂ ಇದೆ, ಮನೇಲಿ ಹಗಲು ಯಾರೂ ಇರಲ್ಲ ಅನ್ನೋರಿಗೆ ಕೊನೇದೇ ಬೇಕು. ನನಗೆ ಇಷ್ಟ ಆಗಿರೋದು ಯುಎಸ್‌ಬಿ ಪಂಪನ್ನ ಮೊಬೈಲ್ ಪವರ್ ಬ್ಯಾಂಕಿಗೆ ಹಾಕೋದು. ಲೆಕ್ಕ ನೋಡಿ, 10,000 ಎಂಎಎಚ್ ಪವರ್ ಬ್ಯಾಂಕ್ ಅಂದ್ರೆ ಒಳಗೆ 37 ವ್ಯಾಟ್ ಅವರ್, ಅದ್ರಲ್ಲಿ ನಷ್ಟ ಕಳೆದು 30ರ ಹತ್ರ ಕೈಗೆ ಸಿಗುತ್ತೆ, ಒಂದೂವರೆ ವ್ಯಾಟ್ ಪಂಪ್ ಆದ್ರೆ 20 ಗಂಟೆ ಹತ್ರ ಓಡುತ್ತೆ. ಆದ್ರೆ ಇದ್ರಲ್ಲಿ ಒಂದು ಮೋಸ ಇದೆ, ಪಂಪ್ ತುಂಬಾ ಕಮ್ಮಿ ಕರೆಂಟ್ ಎಳೆದ್ರೆ ಕೆಲವು ಪವರ್ ಬ್ಯಾಂಕ್‌ಗಳು ಏನೂ ಕನೆಕ್ಟ್ ಆಗಿಲ್ಲ ಅಂದ್ಕೊಂಡು ಸ್ವಲ್ಪ ಹೊತ್ತಿಗೆ ತಾವೇ ಆಫ್ ಆಗ್ಬಿಡುತ್ವೆ. ನೀವು ಆನ್ ಮಾಡಿ ಮಲಗಿರ್ತೀರ, ಅದು ಅರ್ಧ ನಿಮಿಷಕ್ಕೆ ನಿಂತಿರುತ್ತೆ. ಹಾಗಾಗಿ ತಂದ ದಿನಾನೇ ಎರಡನ್ನೂ ಜೋಡಿಸಿ ಎರಡು ಮೂರು ಗಂಟೆ ಓಡಿಸಿ ನೋಡಿ.

ಪಂಪನ್ನ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಆಗಲ್ಲ ಅಂದ್ರೆ ಪೈಪಿಗೆ ಚೆಕ್ ವಾಲ್ವ್ ಹಾಕಿ, ಅದು ಗಾಳೀನ ಒಂದೇ ಕಡೆ ಬಿಡುತ್ತೆ, ನೀರನ್ನ ವಾಪಸ್ ಬಿಡಲ್ಲ. ಪಂಪ್ ನಿಂತಾಗ ನೀರು ಅದೇ ಪೈಪಲ್ಲಿ ಹಿಂದಕ್ಕೆ ಇಳಿದು ಪಂಪಿನೊಳಗೆ, ಅಲ್ಲಿಂದ ಪ್ಲಗ್ ಪಾಯಿಂಟ್ ತನಕ ಬರ್ಬೋದು, ಇದು ಮೀನಿಗಿಂತ ಮನುಷ್ಯರಿಗೆ ಅಪಾಯ. ಮನೇಲಿ ಇನ್ವರ್ಟರ್ ಇದ್ರೆ ಫಿಲ್ಟರ್, ಏರ್ ಪಂಪ್ ಎರಡನ್ನೂ ಅದಕ್ಕೆ ಹಾಕ್ಬೋದು, ಚಿಕ್ಕ ಟ್ಯಾಂಕಿನ ಫಿಲ್ಟರ್ ಐದು ಹತ್ತು ವ್ಯಾಟ್ ತಿನ್ನುತ್ತೆ ಅಷ್ಟೇ. ಸ್ಕ್ವೇರ್ ವೇವ್ ಇನ್ವರ್ಟರ್ ಆದ್ರೆ ಪಂಪ್ ಜೋರಾಗಿ ಗುಂಯ್‌ಗುಡುತ್ತೆ, ಬಿಸಿನೂ ಆಗುತ್ತೆ, ಸೈನ್ ವೇವ್ ಆದ್ರೆ ಆ ತಲೆನೋವಿಲ್ಲ.

ಇನ್ನು ಬಿಸಿ ವಿಷಯ. ಮೊದಲು ಕಿಟಕಿ ಪರದೆ ಎಳೆದು ಬಿಸಿಲು ಟ್ಯಾಂಕಿಗೆ ಬೀಳದ ಹಾಗೆ ನೋಡ್ಕೊಳ್ಳಿ, 20 ಲೀಟರಿನ ಟ್ಯಾಂಕ್ ಕಾಯೋ ಅಷ್ಟು ಬೇಗ 200 ಲೀಟರಿಂದು ಕಾಯಲ್ಲ, ಚಿಕ್ಕ ಟ್ಯಾಂಕ್ ಇರೋರು ಹೆಚ್ಚು ಹುಷಾರಾಗಿರ್ಬೇಕು. ಎಲ್ಲರೂ ಮೊದಲು ಐಸಿಗೆ ಓಡ್ತಾರೆ. ನಾನು ಹೇಳೋದು ಮೊದಲು ಗಾಳಿ ಬೀಸಿ ಅಂತ. 100 ಲೀಟರ್ ಟ್ಯಾಂಕಿಗೆ ಒಂದು ಲೀಟರ್ ಐಸ್ ಬಾಟಲ್ ಪೂರ್ತಿ ಕರಗಿದ್ರೆ ನೀರು ತಣ್ಣಗಾಗೋದು ಒಂದು ಡಿಗ್ರಿ ಸುಮಾರು, ಅದೇ ಟ್ಯಾಂಕಿಂದ ಒಂದು ಲೀಟರ್ ನೀರು ಆವಿಯಾಗಿ ಹೋದ್ರೆ ಅದು ತಗೊಂಡು ಹೋಗೋ ಬಿಸಿ ಐದಾರು ಡಿಗ್ರಿಗೆ ಸಮ. ರೂಮಿನ ಬಿಸಿ ಅದೇ ಹೊತ್ತಿಗೆ ಒಳಗೆ ಬರ್ತಾನೇ ಇರೋದ್ರಿಂದ ನಿಜವಾಗಿ ಇಳಿಯೋದು ಎರಡು ಮೂರು ಡಿಗ್ರಿ, ಅದೂ ಸಾಕು. ಪವರ್ ಬ್ಯಾಂಕಿಗೆ ಹಾಕೋ ಚಿಕ್ಕ ಯುಎಸ್‌ಬಿ ಫ್ಯಾನ್ ಒಂದನ್ನ ನೀರಿನ ಮೇಲ್ಮೈಗೆ ಓರೆಯಾಗಿ ಬೀಸೋ ಹಾಗೆ ಕಟ್ಟಿ, ಒಳಗೆ ಬೀಳದ ಹಾಗೆ ಭದ್ರವಾಗಿ. ಸೆಕೆ, ತೇವ ಜಾಸ್ತಿ ಇರೋ ಕಡೆ ಆವಿ ಆಗೋದೇ ಕಮ್ಮಿ, ಅಲ್ಲಿ ಫ್ಯಾನಿಂದ ಅಷ್ಟು ಉಪಯೋಗ ಸಿಗಲ್ಲ, ಅಲ್ಲಿ ಐಸ್ ಬಾಟಲೇ ಗತಿ.

ಐಸ್ ಬಳಸೋದಾದ್ರೆ ಬಾಟಲಲ್ಲೇ ಇರ್ಲಿ, ನೇರವಾಗಿ ನೀರಿಗೆ ಹಾಕ್ಬೇಡಿ, ಕ್ಲೋರಿನ್ ಇರೋ ನಲ್ಲಿ ನೀರಿಂದ ಮಾಡಿದ್ರೆ ಕರಗಿದಾಗ ಅದೂ ಟ್ಯಾಂಕಿಗೆ ಸೇರುತ್ತೆ. ಬಾಟಲ್ ಪೂರ್ತಿ ತುಂಬ್ಬೇಡಿ, ನೀರು ಹೆಪ್ಪುಗಟ್ಟಿದಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತೆ, ಬಾಟಲ್ ಬಿರುಕು ಬಿಡುತ್ತೆ. ಥರ್ಮಾಮೀಟರ್ ನೋಡ್ಕೊಂಡು ಗಂಟೆಗೆ ಒಂದು ಡಿಗ್ರಿಗಿಂತ ಜಾಸ್ತಿ ಇಳಿಸ್ಬೇಡಿ, 33 ಡಿಗ್ರಿ ನಿಧಾನವಾಗಿ ಏರಿದ್ದನ್ನ ಎಷ್ಟೋ ಮೀನು ತಡ್ಕೊಳ್ಳುತ್ತೆ, ಅರ್ಧ ಗಂಟೇಲಿ 33ರಿಂದ 26ಕ್ಕೆ ಇಳಿಸಿದ್ರೆ ತಡ್ಕೊಳ್ಳಲ್ಲ. ಏಂಜೆಲ್, ಡಿಸ್ಕಸ್ ಮೀನು ಇರೋರು ಐಸ್ ಕೈಗೆತ್ಕೊಳ್ಳೋ ಮುಂಚೆ ಎರಡು ಸಲ ಯೋಚನೆ ಮಾಡಿ, ಡಿಸ್ಕಸ್ಸಿಗೆ 28ರಿಂದ 30 ಡಿಗ್ರಿ ಅಂದ್ರೆ ಹಿತ.

ಫಿಲ್ಟರ್ ವಿಷಯಕ್ಕೆ ಬರ್ತೀನಿ, ನನಗೆ ಪೆಟ್ಟು ಬಿದ್ದಿದ್ದು ಇಲ್ಲೇ. ಫಿಲ್ಟರಿನೊಳಗೆ ಇರೋ ಒಳ್ಳೆ ಬ್ಯಾಕ್ಟೀರಿಯಾ ಮೀನು ಹೊರಹಾಕೋ ಅಮೋನಿಯಾ ಅನ್ನೋ ವಿಷಾನ ನೈಟ್ರೈಟ್ ಮಾಡಿ ಆಮೇಲೆ ಅಷ್ಟು ಅಪಾಯ ಇಲ್ಲದ ನೈಟ್ರೇಟ್ ಮಾಡುತ್ತೆ, ಅದಕ್ಕೂ ಆಕ್ಸಿಜನ್ ಬೇಕು. ಸ್ಪಾಂಜ್ ಫಿಲ್ಟರ್ ಟ್ಯಾಂಕಿನೊಳಗೇ ಇರೋದ್ರಿಂದ ಅದ್ರ ಬ್ಯಾಕ್ಟೀರಿಯಾ ಹೇಗೋ ಬದುಕ್ಕೊಳ್ಳುತ್ತೆ, ಆದ್ರೆ ಕ್ಯಾನಿಸ್ಟರ್ ಅಂದ್ರೆ ಮುಚ್ಚಿದ ಡಬ್ಬ, ನೀರು ನಿಂತ ಕೆಲವೇ ಗಂಟೇಲಿ ಒಳಗಿನ ಆಕ್ಸಿಜನ್ ಮುಗಿದು ಎಲ್ಲ ಕೊಳೆಯೋಕೆ ಶುರುವಾಗುತ್ತೆ. ಒಂದು ಸಲ ಏಳು ಗಂಟೆ ಕರೆಂಟ್ ಇರ್ಲಿಲ್ಲ, ನಾನು ಪಂಪ್ ಹಾಕಿ ಮೀನೆಲ್ಲ ಚೆನ್ನಾಗಿ ಇಟ್ಕೊಂಡಿದ್ದೆ, ಕರೆಂಟ್ ಬಂತು, ಕ್ಯಾನಿಸ್ಟರ್ ತಾನಾಗೇ ಶುರುವಾಯ್ತು, ಪೈಪಿಂದ ಕಂದು ಬಣ್ಣದ ನೀರು ಬಂತು, ರೂಮಲ್ಲಿ ಕೊಳೆತ ಮೊಟ್ಟೆ ವಾಸನೆ. ಏನೋ ಹೋಗುತ್ತೆ ಬಿಡು ಅಂತ ಸುಮ್ಮನಾದೆ. ಬೆಳಿಗ್ಗೆ ಆರು ಟೆಟ್ರಾ ಸತ್ತಿದ್ವು, ಕರೆಂಟ್ ಇಲ್ದಾಗ ಒಂದೂ ಸತ್ತಿರ್ಲಿಲ್ಲ. ಆವತ್ತಿಂದ ನನ್ನ ನಿಯಮ, ಎರಡು ಮೂರು ಗಂಟೆ ಮೀರಿದ್ರೆ ಕ್ಯಾನಿಸ್ಟರ್ ಪ್ಲಗ್ ತೆಗೆದಿಡೋದು, ಕರೆಂಟ್ ಬಂದ್ಮೇಲೆ ಅದನ್ನ ಬಿಚ್ಚಿ ಒಳಗಿನ ನೀರು ಚೆಲ್ಲಿ, ಮೀಡಿಯಾನ, ಅಂದ್ರೆ ಬ್ಯಾಕ್ಟೀರಿಯಾ ಕೂತಿರೋ ಸ್ಪಾಂಜು, ಬಿಲ್ಲೆಗಳನ್ನ, ಬಕೆಟ್ಟಲ್ಲಿ ತೆಗೆದ ಟ್ಯಾಂಕಿನ ನೀರಲ್ಲೇ ಅಲುಬಿ, ಆಮೇಲೆ ಹಾಕೋದು. ನಲ್ಲಿ ಕೆಳಗೆ ತೊಳೆಯೋದಿಲ್ಲ, ಕ್ಲೋರಿನ್ನಿಗೆ ಉಳಿದ ಬ್ಯಾಕ್ಟೀರಿಯಾನೂ ಸಾಯುತ್ತೆ.

ಟ್ಯಾಂಕಿನ ಹಿಂದೆ ನೇತುಹಾಕೋ ಫಿಲ್ಟರ್ ಇರೋರು ಕರೆಂಟ್ ಬಂದಾಗ ನೀರು ಬೀಳ್ತಿದ್ಯಾ ನೋಡಿ, ಕೆಲವು ಸಲ ಒಳಗೆ ಗಾಳಿ ಸೇರಿ ಮೋಟಾರ್ ಒಣಗಿ ತಿರುಗುತ್ತೆ, ನೀರು ತುಂಬಿಸಿ ಶುರು ಮಾಡ್ಬೇಕು. ಅಕ್ವೇರಿಯಂ ಕೆಳಗೆ ಸಂಪ್, ಅಂದ್ರೆ ಫಿಲ್ಟರ್ ಕೆಲಸಕ್ಕೆ ಇಡೋ ಇನ್ನೊಂದು ಟ್ಯಾಂಕ್ ಇರೋರು ಪಂಪ್ ನಿಂತಾಗ ಮೇಲಿಂದ ಇಳಿಯೋ ನೀರಿಗೆ ಸಂಪಲ್ಲಿ ಜಾಗ ಇದ್ಯಾ ಅಂತ ಮೊದಲೇ ನೋಡಿ, ಇಲ್ಲಾಂದ್ರೆ ನೆಲ ಎಲ್ಲ ನೀರು.

ಇದನ್ನೆಲ್ಲ ಪರೀಕ್ಷೆ ಮಾಡೋಕೆ ಒಳ್ಳೆ ದಾರಿ ಅಂದ್ರೆ ಬೇಸಿಗೆ ಶುರುವಾಗೋ ಮುಂಚೆ ಒಂದು ರಜಾ ದಿನ ಹಗಲಲ್ಲಿ ನೀವೇ ಎಲ್ಲ ಸ್ವಿಚ್ ಆಫ್ ಮಾಡಿ ಒಂದು ಗಂಟೆ ಟ್ಯಾಂಕಿನ ಮುಂದೆ ಕೂರೋದು. ಮುಕ್ಕಾಲು ಗಂಟೆಗೇ ಮೀನುಗಳು ಮೇಲೆ ಬಂದ್ರೆ ಟ್ಯಾಂಕಲ್ಲಿ ಮೀನು ಜಾಸ್ತಿ ಇದೆ, ಯಾವ ಪಂಪ್ ತಂದ್ರೂ ಆ ಸಮಸ್ಯೆ ಹಾಗೇ ಇರುತ್ತೆ, ಒಂದಷ್ಟನ್ನ ಬೇರೆ ಟ್ಯಾಂಕಿಗೆ ಹಾಕಿ ಇಲ್ಲಾ ಸಾಕೋ ಗೆಳೆಯರಿಗೆ ಕೊಡಿ. ಟ್ಯಾಂಕ್ ಎಷ್ಟು ಎತ್ತರ ಇದೆ ಅನ್ನೋದಕ್ಕಿಂತ ಮೇಲ್ಮೈ ಎಷ್ಟು ಅಗಲ ಇದೆ ಅನ್ನೋದು ಮುಖ್ಯ, ಕತ್ತು ಕಿರಿದಾಗಿರೋ ಬೌಲ್ ಅಂತೂ ಬೇಸಿಗೆಗೆ ಬೇಡವೇ ಬೇಡ.

ಕರೆಂಟ್ ಬಂದ್ಮೇಲೂ ಒಂದಿಷ್ಟು ಕೆಲಸ ಇರುತ್ತೆ. ದೀರ್ಘ ಹೊತ್ತು ಹೋಗಿತ್ತು ಅಂದ್ರೆ ಕಾಲು ಭಾಗ ನೀರು ಬದಲಿಸಿ, ಹೊಸ ನೀರಿಗೆ ಆಂಟಿ ಕ್ಲೋರಿನ್ ಹಾಕಿ, ಮನೆ ಮೇಲೆ ಬಿಸಿಲಲ್ಲಿ ಕಾದ ನೀರಿನ ಟ್ಯಾಂಕಿಂದ ಬರೋ ನೀರನ್ನ ನೇರವಾಗಿ ಹಾಕದೆ ಬಕೆಟ್ಟಲ್ಲಿಟ್ಟು ಎರಡೂ ಬಿಸಿ ಹತ್ತಿರ ಹತ್ತಿರ ಬಂದ್ಮೇಲೆ ಹಾಕಿ. ಅಮೋನಿಯಾ ಟೆಸ್ಟ್ ಕಿಟ್ ಇದ್ರೆ ದಿನಾ ನೋಡಿ, ಪಿಎಚ್, ಅಂದ್ರೆ ನೀರಿನ ಹುಳಿ-ಕ್ಷಾರದ ಅಳತೆ, ಜಾಸ್ತಿ ಇದ್ದಷ್ಟೂ ಅಮೋನಿಯಾ ವಿಷ ಜಾಸ್ತಿ, 30 ಡಿಗ್ರಿ ನೀರಲ್ಲಿ ಪಿಎಚ್ 7 ಇದ್ರೆ ವಿಷಕಾರಿ ರೂಪದಲ್ಲಿರೋದು ನೂರರಲ್ಲಿ ಒಂದು ಪಾಲೂ ಇಲ್ಲ, 8 ಆದ್ರೆ ಏಳೆಂಟು ಪಾಲು. ಮೊದಲ ದಿನ ಊಟ ಬೇಡ, ಎರಡನೇ ದಿನ ಒಂದು ಚಿಟಿಕೆ, ಟೆಸ್ಟಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ್ಮೇಲೆ ಮಾಮೂಲಿಗೆ ತನ್ನಿ. ಹಾಗೇ ಆವತ್ತು ರಾತ್ರಿ ಮಲಗೋ ಮುಂಚೆ ಪವರ್ ಬ್ಯಾಂಕ್ ಮತ್ತೆ ಚಾರ್ಜಿಗೆ ಹಾಕಿ, ಐಸ್ ಬಾಟಲ್ ಮತ್ತೆ ಫ್ರೀಜರಿಗೆ ಇಡಿ.